ಹಳೆಯ ಪಿಕಪ್ಪಿಗೆ ಹೊಸ ಕಮಾನು
(ನಮ್ಮ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯಲ್ಲಿ ಸಾಮಾನ್ಯವಾಗಿ ಕಾವ್ಯದ ಮಾತು, ನಾಡಿನ ಮಾತು ನಡೆಯುತ್ತದೆ. ಮುಂಬಯಿಯ ಗ್ಯಾರೇಜಿನಲ್ಲಿ ದುಡಿಯುವ ನಾವು ಇಂದು ಕಬ್ಬಿಣದ ಮಾತನ್ನು ತಂದಿದ್ದೇವೆ. ತಾವು ಬೇಸರಪಡಬಾರದು.

ಕಳೆದ ಮಳೆಗಾಲದ ಕೊನೆಯಲ್ಲಿ ನಮ್ಮಲ್ಲಿಗೆ ಒಂದು ಹಳೆಯ ಡಾಡ್ಜ್ ಪಿಕಪ್ ಬಂತು. ಸಿನಿಮಾ ಚಿತ್ರೀಕರಣಕ್ಕೆ ಬಾಡಿಗೆ ಹೋಗುವ ಗಾಡಿ. ಹಿಂದಿನ ಎಡಗಡೆಯ ಕಮಾನಿನ ಮೇನ್ ಪಟ್ಟಿ ಮುರಿದು ಒಂದು ಮಗ್ಗುಲಿಗೆ ಕುಳಿತಿತ್ತು. ಚಾಲಕ ನಮ್ಮ ಕಡೆಯವನೇ. “ಎಂಟು ದಿನಕ್ಕೆ ಬಾಡಿಗೆ ಇದೆ ಅಣ್ಣಾ, ವೆಲ್ಡಿಂಗ್ ಮಾಡಿಯಾದರೂ ಕೊಡಿ” ಎಂದು ಬೇಡಿಕೊಂಡ.

ವೆಲ್ಡಿಂಗ್ ಏಕೆ ಸಲ್ಲದು? ಕಮಾನಿನ ಉಕ್ಕಿಗೆ ಹದ ಕೊಟ್ಟು, ಬಾಗಿದರೂ ಮತ್ತೆ ಏಳುವ ಗುಣ ತಂದಿರುತ್ತಾರೆ. ವೆಲ್ಡಿಂಗಿನ ಕಾವಿಗೆ ಆ ಹದ ಕೆಟ್ಟು, ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಮೇನ್ ಪಟ್ಟಿ ಭಾರ ಹೊರುವುದಷ್ಟೇ ಅಲ್ಲ, ಆಕ್ಸಲನ್ನು ಅದರ ಜಾಗದಲ್ಲಿ ಹಿಡಿದಿಡುವುದೂ ಅದೇ. ಓಡುವಾಗ ಅದು ಮುರಿದರೆ ಗಾಡಿ ಚಾಲಕನ ಕೈಯಲ್ಲಿ ನಿಲ್ಲದು.

ಡಾಡ್ಜ್ ಈ ಊರಿಗೆ ಹೊಸದೇನಲ್ಲ. 1930ರ ದಶಕದಲ್ಲಿ ನಮ್ಮ ವಿಶ್ವೇಶ್ವರಯ್ಯನವರು ದೇಶದಲ್ಲಿ ಮೋಟಾರು ಕಾರ್ಖಾನೆ ಆಗಬೇಕೆಂದು ಓಡಾಡಿದರು. ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಆಟೋಮೊಬೈಲ್ಸ್ 1944ರಲ್ಲಿ ಸ್ಥಾಪನೆಯಾಗಿ, 1947ರಿಂದ ಕುರ್ಲಾದಲ್ಲಿ ಡಾಡ್ಜ್ ಗಾಡಿಗಳನ್ನು ಜೋಡಿಸಿತು. ಆ ಕಾಲ ಮುಗಿಯಿತು; ಬಿಡಿಭಾಗಗಳೂ ಮುಗಿದವು.

ಆಪೆರಾ ಹೌಸ್ ಸುತ್ತಿನ ಅಂಗಡಿಗಳಲ್ಲಿ ಗಾಡಿಯ ಹೆಸರು ಹೇಳಿ ಎರಡು ದಿನ ಅಲೆದೆವು. “ಅದು ಈಗ ಬರುವುದಿಲ್ಲ” ಎಂಬುದೊಂದೇ ಉತ್ತರ. ಮೂರನೆಯ ದಿನ ಬುದ್ಧಿ ಬಂತು. ಮುರಿದ ಪಟ್ಟಿಯನ್ನೇ ಹೆಗಲಿಗೇರಿಸಿ, ಚೀಟಿಯಲ್ಲಿ ಅಳತೆ ಬರೆದುಕೊಂಡು ಹೊರಟೆವು: ಪಟ್ಟಿಯ ಅಗಲ, ದಪ್ಪ, ಎಷ್ಟು ಪಟ್ಟಿ, ಕಣ್ಣಿನ ಒಳವ್ಯಾಸ, ಮತ್ತು ಸೆಂಟರ್ ಬೋಲ್ಟಿನಿಂದ ಮುಂದಿನ ಕಣ್ಣಿಗೆಷ್ಟು, ಹಿಂದಿನ ಕಣ್ಣಿಗೆಷ್ಟು. ಈ ಎರಡು ಸಮ ಇರಲೇಬೇಕೆಂದಿಲ್ಲ. ಆದ್ದರಿಂದ ಬೇರೆ ಬೇರೆಯಾಗಿ ಅಳೆಯಬೇಕು. ಹೆಸರು ಕೇಳಿ ತಲೆಯಾಡಿಸಿದ ಅಂಗಡಿಯವನೇ ಅಳತೆ ಕಂಡು ಎದ್ದು ಒಳಗೆ ಹೋಗಿ ಹುಡುಕಿದ!

ಕೊನೆಗೆ ಕುರ್ಲಾದ ಗುಜರಿಯಲ್ಲಿ ಅಳತೆಗೆ ಸರಿಯಾದ ಹಳೆಯ ಕಮಾನು ಸಿಕ್ಕಿತು. ಹಣ ಕೊಟ್ಟು ತಂದು, ಸೀಮೆಣ್ಣೆಯಲ್ಲಿ ನೆನೆಸಿ, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿದೆವು. ಸ್ವಲ್ಪ ಹೊತ್ತಿಗೆ ಬೋಲ್ಟಿನ ರಂಧ್ರದ ಪಕ್ಕ ಕೂದಲೆಳೆಯಷ್ಟು ಕಪ್ಪು ಗೆರೆ ಮೂಡಿತು. ಬಿರುಕಿನಲ್ಲಿ ಅಡಗಿದ್ದ ಸೀಮೆಣ್ಣೆ ಹೊರಗೆ ಜಿನುಗಿತ್ತು. ಗುಜರಿಯವನು ಹಣ ಹಿಂದಕ್ಕೆ ಕೊಡಲಿಲ್ಲ. “ಇದೊಂದು ಸಲ ಹಾಕಿಬಿಡಿ ಅಣ್ಣಾ” ಎಂದ ಚಾಲಕ. ನಾವು ಹಾಕಲಿಲ್ಲ. ಆ ಬಾಡಿಗೆ ತಪ್ಪಿತು. ಅವನು ನಾಲ್ಕು ದಿನ ನಮ್ಮೊಡನೆ ಮಾತಾಡಲಿಲ್ಲ.

ಆಮೇಲೆ ಕಮಾನು ಮಾಡುವವರ ಹತ್ತಿರ ಸ್ಪ್ರಿಂಗ್ ಉಕ್ಕಿನಲ್ಲಿ ಎರಡೂ ಕಡೆಗೆ ಹೊಸ ಪಟ್ಟಿ ಮಾಡಿಸಿದೆವು. ಒಂದೇ ಕಡೆ ಹಾಕಿದರೆ ಗಾಡಿ ಓರೆ ನಿಲ್ಲುತ್ತದೆ. ಬುಷ್‌ಗಳನ್ನು ಹಳೆಯದರ ಅಳತೆಗೆ ಗನ್‌ಮೆಟಲಿನಲ್ಲಿ ಲೇತಿಗೆ ಕೊಟ್ಟು ಕಡೆಸಿದೆವು. ಯು ಬೋಲ್ಟುಗಳನ್ನು ಹೊಸದಾಗಿ ಹಾಕಿ, ಕೆಲವು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿದೆವು. ಈಗ ಆ ಗಾಡಿ ಬಾಡಿಗೆಗೆ ಹೋಗುತ್ತಿದೆ. ಚಾಲಕನೂ ಇಗೋ, ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾನೆ.

ಚೆನ್ನೈಯ ಪುದುಪೇಟೆ, ದೆಹಲಿಯ ಮಾಯಾಪುರಿ, ಬೆಂಗಳೂರಿನ ಶಿವಾಜಿನಗರದ ಗುಜರಿ, ಎಲ್ಲಿಗೆ ಹೋದರೂ ಇದೇ ದಾರಿ: ಮುರಿದದ್ದನ್ನು ಎಸೆಯಬೇಡಿ, ಅಳೆದು ಕೇಳಿ, ಪರೀಕ್ಷಿಸಿ ಹಾಕಿ.

ಕಡೆಯದಾಗಿ ಒಂದು ಅರಿಕೆ. ನಮ್ಮ ಕೈಗೆ ಅಳತೆ ಗೊತ್ತು, ಅಕ್ಷರ ಅಂದವಿಲ್ಲ. ಕಚೇರಿಯಲ್ಲಿರುವ ಬಂಧುಗಳು ಈ ವಾಚನಾಲಯದಲ್ಲಿ ಒಂದು ದಪ್ಪ ಪುಸ್ತಕ ಇಟ್ಟು, ನಾವು ಹೇಳುವ ಅಳತೆಗಳನ್ನು ಕನ್ನಡದಲ್ಲಿ ಬರೆದಿಡಬೇಕು. ಮುಂದೆ ಬರುವ ಹುಡುಗನಿಗೆ ಎರಡು ದಿನದ ಅಲೆತ ಉಳಿದೀತು. ಯಾರದಾದರೂ ಜೀವವೂ ಉಳಿದೀತು.