ಆಮವಾತವೂ ಅದರ ಕಾರಣಗಳೂ



ಉಜ್ಜಿನಿಯ ಶ್ರೀ ಮರುಳಸಿದ್ಧೇಶ್ವರ ದೇವಾಲಯದ ಶಿಖರಕ್ಕೆ ವರ್ಷಕ್ಕೊಮ್ಮೆ ಜರುಗುವ ತೈಲಾಭಿಷೇಕವನ್ನು ಕಣ್ಣಾರೆ ಕಂಡವರಿಗೆ ತೈಲದ ಮಹಿಮೆಯನ್ನು ವಿವರಿಸಬೇಕಾದುದಿಲ್ಲ. ಕೀಲುನೋವು ತೋರಿದೊಡನೆ ಮನೆಮನೆಯಲ್ಲಿಯೂ ಎಣ್ಣೆಯ ಗಿಂಡಿಯೇ ಮೊದಲು ಹೊರಬರುವುದು. ಕೇವಲ ವಾತರೋಗಕ್ಕೆ ತೈಲಾಭ್ಯಂಗವು ಶಾಸ್ತ್ರಸಮ್ಮತವೇ ಸರಿ. ಆದರೆ ಕೀಲುನೋವುಗಳೆಲ್ಲವೂ ಕೇವಲ ವಾತವಲ್ಲ. ಆಮವಾತವೆಂಬ ವ್ಯಾಧಿಯಲ್ಲಿ ಆಮವು ಪಕ್ವವಾಗುವುದಕ್ಕೆ ಮುಂಚೆ ಎಣ್ಣೆ ತಿಕ್ಕಲಾಗದೆಂಬುದು ವೈದ್ಯರ ನಿಯಮವು.

ಚರಕ ಸುಶ್ರುತ ಸಂಹಿತೆಗಳಲ್ಲಿ ಈ ವ್ಯಾಧಿಗೆ ಪ್ರತ್ಯೇಕ ಅಧ್ಯಾಯವಿಲ್ಲ. ಕ್ರಿ. ಶ. 7-8ನೆಯ ಶತಮಾನದವನೆನ್ನಲಾದ ಮಾಧವಕರನು ತನ್ನ 'ಮಾಧವನಿದಾನ'ದಲ್ಲಿ ಇದನ್ನು ಬೇರೆಯಾಗಿ ನಿರೂಪಿಸಿದನು. ಅವನು ಹೇಳುವ ಕಾರಣಗಳಾವುವೆಂದರೆ: ವಿರುದ್ಧಾಹಾರ, ವಿರುದ್ಧಚೇಷ್ಟೆ, ಮಂದಾಗ್ನಿ, ಮೈಬಗ್ಗಿಸದೆ ಕುಳಿತಿರುವುದು, ಜಿಡ್ಡಿನ ಊಟವಾದೊಡನೆ ಮೈದಣಿಯುವಂತೆ ದುಡಿಯುವುದು. ಹಾಲಿನೊಡನೆ ಹುಳಿಹಣ್ಣು, ಸಮತೂಕದ ಜೇನುತುಪ್ಪ ಮತ್ತು ತುಪ್ಪ, ಇವು ವಿರುದ್ಧಾಹಾರಗಳು. ತುಪ್ಪಹೋಳಿಗೆಯನ್ನುಂಡು ಆ ಕ್ಷಣವೇ ಹೊರೆ ಹೊರುವುದು ಕೊನೆಯ ಕಾರಣಕ್ಕೆ ದೃಷ್ಟಾಂತವು.

ಜಠರಾಗ್ನಿಯು ಕುಂದಿದಾಗ ಅನ್ನರಸವು ಪಕ್ವವಾಗದೆ ಅಂಟಾದ ಆಮವಾಗುವುದು. ವಾಯುವು ಅದನ್ನು ಕಫಸ್ಥಾನಗಳಾದ ಸಂಧಿಗಳಿಗೆ ಒಯ್ಯುವುದು. ಆಗ ಮೈನೋವು, ಅರುಚಿ, ಆಲಸ್ಯ, ಜ್ವರ, ಬಾವುಗಳು ತೋರುವುವು. ಉಲ್ಬಣಿಸಿದರೆ ಚೇಳು ಕುಟುಕಿದಂಥ ವೇದನೆಯುಂಟಾಗುವುದು.

1859ರಲ್ಲಿ ಆಂಗ್ಲ ವೈದ್ಯ ಗ್ಯಾರಡನು 'ರುಮಟಾಯ್ಡ್ ಆರ್ಥ್ರೈಟಿಸ್' ಎಂದು ಹೆಸರಿಟ್ಟ ರೋಗವು ಇದನ್ನು ಬಹುಮಟ್ಟಿಗೆ ಹೋಲುತ್ತದೆ. ಅದರಲ್ಲಿ ದೇಹದ ರಕ್ಷಣಾಶಕ್ತಿಯೇ ಕೀಲಿನ ಒಳಪೊರೆಯನ್ನು ಶತ್ರುವೆಂದು ಭ್ರಮಿಸಿ ಕೆಡಿಸುವುದು. ವಂಶಗುಣವೂ ಬೀಡಿ ಸಿಗರೇಟುಗಳ ಧೂಮಪಾನವೂ ಅದಕ್ಕೆ ಸಹಕಾರಿಗಳು. ಪುರುಷರಿಗಿಂತ ಸ್ತ್ರೀಯರಲ್ಲಿ ಅದು ಎರಡು ಮೂರು ಪಾಲು ಹೆಚ್ಚು. ಬೆಳಗ್ಗೆ ಎದ್ದಾಗ ಕೈಬೆರಳುಗಳು ಬಹಳ ಹೊತ್ತು ಬಿಗಿದಿರುವುದೇ ಅದರ ಮುಖ್ಯ ಕುರುಹು.

11ನೆಯ ಶತಮಾನದ ಚಕ್ರಪಾಣಿದತ್ತನು ಈ ವ್ಯಾಧಿಗೆ ಲಂಘನ, ಸ್ವೇದನ, ಅಗ್ನಿದೀಪಕಗಳಾದ ಕಹಿ ಖಾರದ ದ್ರವ್ಯಗಳು, ವಿರೇಚನ ಮೊದಲಾದವುಗಳನ್ನು ವಿಧಿಸಿದನು. ಕಾವು ಕೊಡುವುದಾದರೂ ಬಿಸಿ ಮರಳಿನ ಗಂಟಿನಿಂದ ಒಣಕಾವನ್ನೇ ಕೊಡಬೇಕು. ಇಲ್ಲಿ ಹರಳೆಣ್ಣೆಯನ್ನು ಹೇಳಿರುವುದು ಹೊಟ್ಟೆಗೆ ಕೊಡುವುದಕ್ಕಾಗಿ. ಅದೂ ವೈದ್ಯನ ಅನುಮತಿಯಿಂದಲೇ ಆಗತಕ್ಕದ್ದು, ಗರ್ಭಿಣಿಯರಿಗೆ ಸಲ್ಲದು. ದುರ್ಬಲರು ತಾವಾಗಿಯೇ ಉಪವಾಸಕ್ಕೆ ತೊಡಗಬಾರದು.

ಒಮ್ಮೆ ಸವೆದು ಸೊಟ್ಟಗಾದ ಕೀಲು ಯಾವ ಔಷಧದಿಂದಲೂ ಮೊದಲಿನಂತಾಗದು. ಆದುದರಿಂದ ಬೆರಳುಗಳಲ್ಲಿ ಬಾವು ಕಂಡ ಕೆಲವೇ ವಾರಗಳೊಳಗೆ ತಜ್ಞ ವೈದ್ಯನಲ್ಲಿಗೆ ಹೋಗತಕ್ಕದ್ದು. ಆತನು ಕೊಟ್ಟ ಮದ್ದನ್ನು ನೋವು ತಗ್ಗಿತೆಂದು ನಿಲ್ಲಿಸಲಾಗದು. ರೊಟ್ಟಿ ತಟ್ಟುವ ಕೈ, ನೇಗಿಲು ಹಿಡಿಯುವ ಕೈ, ಇಷ್ಟಲಿಂಗವನ್ನು ಧರಿಸುವ ಕರಸ್ಥಲ, ಇವೆಲ್ಲವೂ ಒಂದೇ ಕೈಯಲ್ಲವೇ? ಅದನ್ನು ಕಾಪಾಡಿಕೊಳ್ಳುವುದೂ ಭಕ್ತನ ಕರ್ತವ್ಯವೇ ಆಗಿದೆ.

ಇತಿ ಶಮ್.