ಹೊಗೆ ಕೊಳವೆಯನ್ನು ಗುಡಿಸುವವರು ಯಾರು?



ನಾವು ದಿನವೂ ಮನೆ ಗುಡಿಸುತ್ತೇವೆ, ಅಂಗಳ ಸಾರಿಸುತ್ತೇವೆ. ಹಬ್ಬ ಬಂತೆಂದರೆ ಅಟ್ಟದ ಸಾಮಾನು ಇಳಿಸಿ ಧೂಳು ಹೊಡೆಯುತ್ತೇವೆ, ಗೋಡೆಗೆ ಸುಣ್ಣ ಬಳಿಯುತ್ತೇವೆ. ಕಣ್ಣಿಗೆ ಕಾಣುವ ಜಾಗವೆಲ್ಲ ಶುಚಿಯಾಗುತ್ತದೆ. ಆದರೆ ಅಡುಗೆಮನೆಯ ಹೊಗೆ ಹೊರಗೆ ಹೋಗುವ ದಾರಿಯನ್ನು ನೀವು ಕೊನೆಯ ಸಲ ಗುಡಿಸಿದ್ದು ಯಾವಾಗ? ಈ ಪ್ರಶ್ನೆ ಕೇಳಿದರೆ ಬಹಳ ಮಂದಿ ನಗುತ್ತಾರೆ. ಅದನ್ನೂ ಗುಡಿಸಬೇಕೇ ಎನ್ನುತ್ತಾರೆ. ಗುಡಿಸಲೇಬೇಕು. ಏಕೆ, ಹೇಗೆ, ಮುಖ್ಯವಾಗಿ ಯಾರು ಗುಡಿಸಬೇಕು ಎಂಬುದೇ ಇಂದಿನ ಮಾತು.

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯವರಿಗೆ ಅಂತರಘಟ್ಟೆ ಎಂದರೆ ದುರ್ಗಾಂಬೆಯ ಜಾತ್ರೆ, ಸಾಲುಗಟ್ಟಿ ಬರುವ ಎತ್ತಿನ ಗಾಡಿಗಳು ನೆನಪಾಗುತ್ತವೆ. ನನಗೆ ಅವುಗಳ ಜೊತೆಗೆ ನಮ್ಮ ಸೋದರತ್ತೆಯ ಅಡುಗೆಮನೆಯೂ ನೆನಪಾಗುತ್ತದೆ. ಜಾತ್ರೆ ಎಂದರೆ ಮನೆ ತುಂಬ ನೆಂಟರು, ಬೆಳಗಿನಿಂದ ರಾತ್ರಿಯವರೆಗೆ ಆರದ ಒಲೆ. ತೆಂಗಿನ ಗರಿ, ಮಟ್ಟೆ, ಜಾಲಿ ಸೌದೆ, ಕೈಗೆ ಸಿಕ್ಕಿದ್ದೆಲ್ಲ ಒಲೆಗೆ. ಊದುಕೊಳವೆ ಹಿಡಿದು ಕೂತ ಅತ್ತೆಯ ಕಣ್ಣು ಸದಾ ಕೆಂಪು. ಹೆಂಚಿನ ಕೆಳಗೆ ಇಲ್ಲಣ ಜೋತಾಡುತ್ತಿತ್ತು. ಕೆಮ್ಮು ಆಕೆಯ ಮಾತಿನ ಭಾಗವೇ ಆಗಿಹೋಗಿತ್ತು.

ಎಂಬತ್ತರ ದಶಕದ ಕೊನೆಯಲ್ಲಿ ಆ ಮನೆಗೆ ಹೊಗೆಯಿಲ್ಲದ ಒಲೆ ಬಂತು. ಒಲೆ ಕಟ್ಟುವವರು ಬಂದು, ಒಂದೇ ದಿನದಲ್ಲಿ ಕಟ್ಟಿ, ಗೋಡೆಗೆ ಕೊಳವೆ ನಿಲ್ಲಿಸಿ ಹೋದರು. ಮೊದಲ ವರ್ಷ ಅತ್ತೆಯ ಸಂತೋಷಕ್ಕೆ ಪಾರವಿರಲಿಲ್ಲ. ಎರಡನೆಯ ವರ್ಷ ಒಲೆ ಸ್ವಲ್ಪ ಮುನಿಸಿಕೊಂಡಿತು. ಮೂರನೆಯ ವರ್ಷ ಹೊಗೆ ಮೇಲೆ ಹೋಗುವುದನ್ನೇ ನಿಲ್ಲಿಸಿ, ಒಲೆಯ ಬಾಯಿಂದ ಮುಖಕ್ಕೆ ನುಗ್ಗತೊಡಗಿತು. ಕೊನೆಗೆ ಮನೆಯವರೇ ಕೊಳವೆ ಕಿತ್ತು ಹಿತ್ತಲಿಗೆ ಎಸೆದರು, ಹಳೆಯ ಒಲೆ ಮತ್ತೆ ಬಂತು. ಆಗ ಅತ್ತೆ ಹೇಳಿದ ಮಾತು ನನಗೆ ಮರೆತಿಲ್ಲ. "ಒಲೆ ಕೊಟ್ರು ಕಣಪ್ಪಾ, ಅದಕ್ಕೊಂದು ಪೊರಕೆ ಕೊಡಲಿಲ್ಲ."

ಆ ಒಲೆಯ ತಪ್ಪೇನೂ ಇರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತು. ಹಳ್ಳಿಗೆ ಬೇಕಾದ ವಿಜ್ಞಾನವನ್ನು ಹಳ್ಳಿಗೆ ಒಯ್ಯುವುದು ಅದರ ಗುರಿ. ಅಲ್ಲಿ ರೂಪುಗೊಂಡ ಅಸ್ತ್ರ ಒಲೆಯಲ್ಲಿ ಒಂದೇ ಉರಿಗೆ ಮೂರು ಪಾತ್ರೆ ಇಡಬಹುದು. ಕೆಳಗೆ ಸರಳಿನ ಜಾಲರಿ, ಅದರ ಮೂಲಕ ಗಾಳಿ. ಸೌದೆ ಚೆನ್ನಾಗಿ ಉರಿದು, ಬಿಸಿ ಪಾತ್ರೆಗಳಿಗೆ ಸಿಕ್ಕಿ, ಉಳಿದ ಹೊಗೆ ಕೊಳವೆಯಲ್ಲಿ ಮೇಲೆ ಹೋಗುತ್ತದೆ. ಇಡೀ ದೇಶದಲ್ಲಿಯೂ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 1983ರಲ್ಲಿ ಆರಂಭವಾಗಿ, 2002ರಲ್ಲಿ ನಿಲ್ಲುವವರೆಗೆ ಮೂರು ಕೋಟಿಗೂ ಹೆಚ್ಚು ಒಲೆಗಳು ಹಂಚಿಕೆಯಾದವು. ಕಟ್ಟಿದ ಒಲೆಗಳ ಲೆಕ್ಕ ಇತ್ತು. ಆದರೆ ಕಟ್ಟಿದ ಮೇಲೆ ಕೊಳವೆಯ ಮಸಿ ತೆಗೆಯುವುದು ಮನೆಯ ಹೆಂಗಸಿನ ಪಾಲಿಗೆ ಬಿತ್ತು. ಸೀರೆ ಉಟ್ಟು ಹೆಂಚಿನ ಮೇಲೆ ಹತ್ತಲು ಆಕೆಗೆ ಸಾಧ್ಯವೇ? ಹತ್ತಿದರೆ ಊರು ಸುಮ್ಮನಿರುತ್ತದೆಯೇ?

ಈಗ ಕೊಳವೆಯ ಒಳಗೆ ನಡೆಯುವುದನ್ನು ನೋಡೋಣ. ಬಿಸಿ ಗಾಳಿ ಹಗುರ, ಆದ್ದರಿಂದ ಮೇಲೇರುತ್ತದೆ. ಅದು ಏರಿದಾಗ ಒಲೆಯ ಬಾಯಿಂದ ಹೊಸ ಗಾಳಿಯನ್ನು ಎಳೆಯುತ್ತದೆ. ಈ ಎಳೆತವೇ ಒಲೆಯ ಉಸಿರು. ಹಸಿ ಸೌದೆ ಉರಿದಾಗ ಹೊಗೆಯಲ್ಲಿ ನೀರಾವಿ ಹೆಚ್ಚು, ಅರೆಬೆಂದ ಟಾರಿನ ಅಂಶವೂ ಹೆಚ್ಚು. ಅದು ತಣ್ಣಗಿನ ಕೊಳವೆಯ ಗೋಡೆಗೆ ತಾಗಿ ಅಂಟಾಗಿ ಕೂರುತ್ತದೆ, ಅದರ ಮೇಲೆ ಮಸಿ ಹತ್ತುತ್ತದೆ.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಕೊಳವೆಯ ಅಗಲ ನಾಲ್ಕು ಅಂಗುಲ ಎನ್ನೋಣ. ಸುತ್ತಲೂ ಅರ್ಧ ಅಂಗುಲ ಮಸಿ ಕಟ್ಟಿದರೆ ಉಳಿಯುವುದು ಮೂರು ಅಂಗುಲ. ಹೋಗಿದ್ದು ಒಂದೇ ಅಂಗುಲ ಎನಿಸುತ್ತದೆ. ಆದರೆ ಹೊಗೆ ಹೋಗುವ ಜಾಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಮಸಿ ಒಂದು ಅಂಗುಲ ಕಟ್ಟಿದರೆ ಉಳಿಯುವುದು ಕಾಲು ಭಾಗ ಮಾತ್ರ. ಮೂರನೆಯ ವರ್ಷ ಅತ್ತೆಯ ಒಲೆ ಮುಖಕ್ಕೆ ಹೊಗೆ ಉಗುಳಿದ್ದು ಇದೇ ಕಾರಣಕ್ಕೆ.

ಇದರಿಂದ ಅಪಾಯಗಳು ಮೂರು. ಮೊದಲನೆಯದು ದಿನದಿನದ ಹೊಗೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಪ್ರಪಂಚದಲ್ಲಿ ಸುಮಾರು 32 ಲಕ್ಷ ಮಂದಿ ಸತ್ತಿದ್ದಾರೆ. ಶ್ವಾಸಕೋಶದ ರೋಗ, ಹೃದಯದ ರೋಗ, ಪಾರ್ಶ್ವವಾಯು, ಮಕ್ಕಳ ನ್ಯುಮೋನಿಯಾ ಇವೆಲ್ಲ ಆ ಲೆಕ್ಕದಲ್ಲಿವೆ. ಎರಡನೆಯದು ಬೆಂಕಿ. ಕೊಳವೆಯೊಳಗಿನ ಟಾರು, ಮಸಿ ಸ್ವತಃ ಇಂಧನ. ಒಂದು ದಿನ ಜೋರು ಉರಿಗೆ ಅದೇ ಹೊತ್ತಿಕೊಂಡರೆ ಮಾಡಿನ ತೊಲೆ, ರೀಪು, ಅಟ್ಟದ ಮೇಲಿನ ಒಣ ಗರಿ ಎಲ್ಲಕ್ಕೂ ಕಿಡಿ ತಗಲುತ್ತದೆ. ಮೂರನೆಯದು ಕಣ್ಣಿಗೆ ಕಾಣದ್ದು. ಗಾಳಿ ಸಾಲದೆ ಉರಿಯುವ ಒಲೆಯಿಂದ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ಆಮೇಲೆ ಎಚ್ಚರ ತಪ್ಪುವುದು.

ಈಗ ಮನೆಮನೆಗೂ ಗ್ಯಾಸ್ ಬಂದಿದೆಯಲ್ಲ, ಈ ಮಾತು ಯಾಕೆ ಎಂದು ನೀವು ಕೇಳಬಹುದು. 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಬಡವರ ಮನೆಗೂ ಸಿಲಿಂಡರ್ ಬಂದಿರುವುದು ನಿಜ. ಆದರೆ ಹಿತ್ತಲ ಕಡೆ ಒಮ್ಮೆ ಹೋಗಿ ನೋಡಿ. ಸ್ನಾನದ ನೀರಿಗೆ ಹಂಡೆ ಒಲೆ ಇದೆ. ಮುದ್ದೆಗೆ, ದನದ ಹುರುಳಿ ಬೇಯಿಸುವುದಕ್ಕೆ, ನೆಂಟರು ಬಂದಾಗ ದೊಡ್ಡ ಅಡುಗೆಗೆ ಸೌದೆ ಒಲೆಯೇ. ಬಚ್ಚಲಮನೆ ಚಿಕ್ಕದು, ಚಳಿಗೆಂದು ಬಾಗಿಲು ಮುಚ್ಚಿರುತ್ತದೆ, ಕೊಳವೆ ಕಟ್ಟಿಕೊಂಡಿರುತ್ತದೆ. ಅಪಾಯ ಅಡುಗೆಮನೆಯಿಂದ ಬಚ್ಚಲಿಗೆ ಜಾಗ ಬದಲಿಸಿದೆ, ಅಷ್ಟೆ.

ಇನ್ನು ಗುಡಿಸುವ ಕ್ರಮ. ಮೊದಲು ಪರೀಕ್ಷೆ. ಒಲೆಯಲ್ಲಿ ಸ್ವಲ್ಪ ಉರಿ ಮಾಡಿ, ಒಲೆಯ ಬಾಯಿಯ ಹತ್ತಿರ ಊದಿನಕಡ್ಡಿ ಹಿಡಿಯಿರಿ. ಅದರ ಹೊಗೆ ಒಳಕ್ಕೆ ಎಳೆದುಕೊಂಡು ಹೋದರೆ ಕೊಳವೆ ಉಸಿರಾಡುತ್ತಿದೆ. ಹೊರಕ್ಕೆ ಬಂದರೆ ಕಟ್ಟಿಕೊಂಡಿದೆ. ಕೊಳವೆಯೊಳಗಿನ ಮಸಿ ಮೂರು ಮಿಲಿಮೀಟರ್, ಅಂದರೆ ಒಂದರ ಮೇಲೊಂದು ಇಟ್ಟ ಎರಡು ನಾಣ್ಯದಷ್ಟು ದಪ್ಪವಾದರೆ ತಡಮಾಡಬಾರದು. ದಿನವೂ ಉರಿಯುವ ಒಲೆಯಾದರೆ ತಿಂಗಳಿಗೊಮ್ಮೆ ನೋಡುವುದು ಒಳ್ಳೆಯದು.

ಗುಡಿಸುವ ಹಿಂದಿನ ದಿನವೇ ಒಲೆ ಆರಿಸಿ. ಪಾತ್ರೆ ಇಡುವ ಬಾಯಿಗಳನ್ನೂ ಒಲೆಯ ಬಾಯನ್ನೂ ಒದ್ದೆ ಗೋಣಿತಾಟಿನಿಂದ ಮುಚ್ಚಿ. ಮೇಲೆ ಹತ್ತಿದವರು ಕೊಳವೆಯ ಟೋಪಿ ತೆಗೆದು, ಹಗ್ಗಕ್ಕೆ ಕಟ್ಟಿದ ಬ್ರಷ್ಷನ್ನು ಇಳಿಬಿಡಬೇಕು. ಬ್ರಷ್ಷಿನ ಕೆಳಗೆ ಒಂದು ಕಲ್ಲಿನ ಭಾರ ಕಟ್ಟಿದರೆ ತಾನಾಗಿ ಇಳಿಯುತ್ತದೆ. ನಾಲ್ಕಾರು ಸಲ ಇಳಿಸಿ ಏರಿಸಿದರೆ ಮಸಿ ಕೆಳಗೆ ಬೀಳುತ್ತದೆ. ಮೂಗು, ಬಾಯಿಗೆ ಬಟ್ಟೆ ಕಟ್ಟಿರಲಿ. ಬಿದ್ದ ಮಸಿಯನ್ನು ಚೀಲದಲ್ಲಿ ತುಂಬಿ ಗುಂಡಿಯಲ್ಲಿ ಮುಚ್ಚಿ. ಹಲ್ಲುಜ್ಜಲು ಅದನ್ನು ಬಳಸಬೇಡಿ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಹಳೆಯ ಒಲೆಗಳ ಅನೇಕ ಕೊಳವೆಗಳು ಕಲ್ನಾರಿನವು, ಅಂದರೆ ಆಸ್ಬೆಸ್ಟಾಸ್ ಸಿಮೆಂಟಿನವು. ಕಲ್ನಾರಿನ ಸೂಕ್ಷ್ಮ ಎಳೆಗಳು ಉಸಿರಿನೊಡನೆ ಒಳಗೆ ಹೋದರೆ ವರ್ಷಗಳ ಮೇಲೆ ಕ್ಯಾನ್ಸರ್ ತರಬಲ್ಲವು. ಅಂಥ ಕೊಳವೆಯನ್ನು ತಂತಿ ಬ್ರಷ್ಷಿನಿಂದ ಕೆರೆಯಬಾರದು, ಗರಗಸದಿಂದ ಕೊಯ್ಯಬಾರದು, ಒಡೆಯಬಾರದು. ನೀರು ಚಿಮುಕಿಸಿ, ಮೆತ್ತನೆಯ ನಾರಿನ ಬ್ರಷ್ ಬಳಸಿ. ಬದಲಿಸುವ ಕಾಲ ಬಂದಾಗ ಕಲ್ನಾರು ಬೇಡವೆನ್ನಿ.

ಇದು ಬಲ್ಲವರ ಕೆಲಸ ಎಂಬುದು ಈಗ ನಿಮಗೆ ಮನವರಿಕೆ ಆಗಿರಬೇಕು. ಮಕ್ಕಳನ್ನಂತೂ ಹತ್ತಿಸಲೇಬಾರದು. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಪುಟ್ಟ ಹುಡುಗರನ್ನೇ ಹೊಗೆಗೂಡಿನೊಳಗೆ ಹತ್ತಿಸಿ ಮಸಿ ತೆಗೆಸುತ್ತಿದ್ದರು. ಆ ಕಸುಬಿನವರಿಗೆ ಮಸಿಯಿಂದಲೇ ಕ್ಯಾನ್ಸರ್ ಬರುತ್ತದೆ ಎಂದು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿ ತೋರಿಸಿದರು. ಆದರೂ ಆ ಪದ್ಧತಿ ನಿಲ್ಲಲು 1875ರ ಕಾಯಿದೆ ಬರಬೇಕಾಯಿತು, ಪೂರ್ತಿ ನೂರು ವರ್ಷ. ಇತ್ತ ಜರ್ಮನಿಯಲ್ಲಿ ಹೊಗೆಗೂಡು ಗುಡಿಸುವವರು ತರಬೇತಿ ಪಡೆದ ಕಸುಬುದಾರರು. ನಿಗದಿಯಾದ ಅವಧಿಗೆ ಮನೆಯ ಹೊಗೆಗೂಡನ್ನು ಅವರಿಂದ ಗುಡಿಸಿಸುವುದು ಅಲ್ಲಿನ ಕಾನೂನು. ಕರಿಯ ಉಡುಪಿನ ಅವರು ಎದುರಾದರೆ ಅಲ್ಲಿಯ ಜನ ಒಳ್ಳೆಯ ಶಕುನ ಎನ್ನುತ್ತಾರೆ.

ನಗರದಲ್ಲಿರುವ ನಿಮ್ಮ ಮಕ್ಕಳಿಗೂ ಒಂದು ಮಾತು. ಹವಾನಿಯಂತ್ರಣದ ಗಾಳಿ ಕೊಳವೆಗಳನ್ನು ತೊಳೆದುಕೊಡುತ್ತೇವೆ, ಕಾಯಿಲೆಯೇ ಬರುವುದಿಲ್ಲ ಎಂದು ಯಾರಾದರೂ ಬಂದರೆ ದುಡುಕಬೇಡಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಪ್ರಕಾರ, ಅದರಿಂದ ರೋಗ ತಡೆಯುತ್ತದೆ ಎಂಬುದು ಸಾಬೀತಾಗಿಲ್ಲ. ಒಳಗೆ ಬೂಷ್ಟು ಕಂಡರೆ, ಇಲಿ, ಹುಳು ಸೇರಿದ್ದರೆ, ಧೂಳು ವಿಪರೀತ ಕಟ್ಟಿಕೊಂಡಿದ್ದರೆ ಮಾತ್ರ ತೆಗೆಸುವುದು ಯುಕ್ತ. ಗೋಡೆಯ ಏಸಿಯ ಜಾಲರಿಯನ್ನು ನೀವೇ ತೊಳೆದುಕೊಳ್ಳಬಹುದು. ಸೌದೆ ಒಲೆಯ ಕೊಳವೆಯ ಮಾತು ಬೇರೆ. ಅಲ್ಲಿ ಗುಡಿಸದಿದ್ದರೆ ಕೆಡುಕು ಖಂಡಿತ.

ಹಾಗಾದರೆ ಯಾರು ಗುಡಿಸಬೇಕು? ಪ್ರತಿ ಬೇಸಿಗೆಯಲ್ಲೂ, ಮಳೆ ಹಿಡಿಯುವ ಮುಂಚೆ, ಹೆಂಚು ಕೈಯಾಡಿಸಲು ಊರಿನಲ್ಲಿ ಒಬ್ಬರು ಬಂದೇ ಬರುತ್ತಾರೆ. ಮಾಡಿನ ಮೇಲೆ ನಡೆಯುವುದು ಅವರಿಗೆ ಗೊತ್ತು. ಯಾವ ಹೆಂಚು ಕಾಲಿಗೆ ತಡೆಯುತ್ತದೆ, ಯಾವುದು ತಡೆಯುವುದಿಲ್ಲ ಎಂದೂ ಗೊತ್ತು. ಆ ಕೈಗೆ ಒಂದು ಬ್ರಷ್ಷು, ಹಗ್ಗ, ಮೂಗಿಗೆ ಬಟ್ಟೆ, ಅರ್ಧ ದಿನದ ತಿಳಿವಳಿಕೆ ಕೊಟ್ಟರೆ ಕೆಲಸ ಆಯಿತು. ಊರಿನ ಮಹಿಳಾ ಸಂಘ ಬ್ರಷ್ಷು, ಏಣಿ ಕೊಂಡು ಇಟ್ಟುಕೊಳ್ಳಬಹುದು. ಮನೆಗೆ ಇಷ್ಟು ಕೂಲಿ ಎಂದು ಗೊತ್ತುಮಾಡಬಹುದು. ಜಾತ್ರೆಗೆ ಮುಂಚೆ ಒಮ್ಮೆ, ಮಳೆಗಾಲ ಹಿಡಿಯುವ ಮುಂಚೆ ಒಮ್ಮೆ, ವರ್ಷಕ್ಕೆ ಎರಡು ಸಲ ಪೂರ್ತಿ ಗುಡಿಸಿಸಿದರೆ ಒಲೆ ಬಹುಕಾಲ ಬಾಳುತ್ತದೆ. ಆ ಕೂಲಿಯನ್ನು ಪುಕ್ಕಟೆ ಸೇವೆ ಎಂದು ಉಳಿಸಲು ಹೋಗಬೇಡಿ. ಕೂಲಿ ಇಲ್ಲದ ಕೆಲಸ ಮತ್ತೆ ಬಂದು ಮನೆಯ ಹೆಂಗಸಿನ ತಲೆಯ ಮೇಲೇ ಕೂರುತ್ತದೆ.

ನಮ್ಮ ಅತ್ತೆ ಈಗಿಲ್ಲ. ಕೊನೆಯ ವರ್ಷಗಳಲ್ಲಿ ಆಕೆಗೆ ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತಿತ್ತು. ಆಕೆಯ ಸೊಸೆ ಹಂಡೆ ಒಲೆಗೆ ಹೊಸ ಕೊಳವೆ ಹಾಕಿಸಿದ್ದಾಳೆ. ಹೋದ ಸಲ ಹೋದಾಗ ಬಚ್ಚಲಮನೆಯ ಮೂಲೆಯಲ್ಲಿ ಹಗ್ಗ ಕಟ್ಟಿದ ಬ್ರಷ್ಷೊಂದು ತೂಗುತ್ತಿತ್ತು. ಹೆಂಚಿನವರು ಬಂದಾಗ ಅವಳೇ ಅದನ್ನು ಅವರ ಕೈಗೆ ಕೊಡುತ್ತಾಳಂತೆ. ನಿಮ್ಮ ಮನೆಗೆ ಹೆಂಚಿನವರು ಬರುವ ಮುಂಚೆ ನೀವೂ ಒಂದು ಬ್ರಷ್ಷು ತಂದಿಡಿ. ಇಂದು ಸಂಜೆ ಒಲೆ ಹಚ್ಚುವಾಗ ಒಂದು ಊದಿನಕಡ್ಡಿ ಹಿಡಿದು ಹೊಗೆ ಯಾವ ಕಡೆ ಹೋಗುತ್ತದೆ ಎಂದು ನೋಡಿ.