ಮಗಳ ಓದಿಗೆ ಐದು ವರ್ಷದ ಲೆಕ್ಕ

(ಬೈರಿದೇವರಕೊಪ್ಪದಲ್ಲಿ ನಡೆದ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಹೋದ ತಿಂಗಳು ನಮ್ಮ ಸಂಘದ ಅಕ್ಕ ಒಬ್ಬಾಕಿ ಕೇಳಿದ್ಲು: "ಮಗಳು ಪಿಯುಸಿ ಮುಗಿಸ್ಯಾಳ್ರಿ, ಇತಿಹಾಸ ಓದ್ತೇನಿ ಅಂತಾಳ. ಹಳೇ ರಾಜರ ಕಥಿ ಓದಿ ಹೊಟ್ಟಿ ತುಂಬತೈತೇನ್ರಿ?" ಪ್ರಶ್ನೆ ತಪ್ಪಲ್ಲ. ಐದು ವರ್ಷ ದುಡ್ಡು ಹಾಕುವವರು ಕೇಳಲೇಬೇಕು.

ಮೊದಲು ಕಥಿ ವಿಷಯ. ಸಾವಿರ ವರ್ಷದ ಹಿಂದೆ ಪಟ್ಟದಕಲ್ಲಿನ ಸುತ್ತಲಿನ ಕಿಸುಕಾಡು ನಾಡನ್ನು ಆಳಿದವಳು ಒಬ್ಬ ಹೆಣ್ಣುಮಗಳು, ಅಕ್ಕಾದೇವಿ. ಚಾಲುಕ್ಯ ರಾಜ ಇಮ್ಮಡಿ ಜಯಸಿಂಹನ ಅಕ್ಕ-ತಂಗಿಯರಲ್ಲಿ ಒಬ್ಬಳು. ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದವಳು. ಇದು ನಮಗೆ ಗೊತ್ತಾದದ್ದು ಯಾರೋ ಕೂತು ಕಲ್ಲಿನ ಶಾಸನ ಓದಿದ್ದರಿಂದ. ನಮ್ಮ ಪಕ್ಕದ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯೂ ಚಾಲುಕ್ಯರ ಕಾಲದ್ದೇ. ದಿನಾ ಆ ಹಾದಿಯಲ್ಲೇ ಹೋಗತೇವಿ, ಒಳಗ ಹೋಗಿ ನೋಡಿದವರು ಎಷ್ಟು ಮಂದಿ?

ಈಗ ಹೊಟ್ಟೆಯ ವಿಷಯ. ಬರೇ ಬಿ.ಎ. ಮಾಡಿ ನಿಂತರೆ ದಾರಿ ಕಿರಿದು. ಹೈಸ್ಕೂಲು ಶಿಕ್ಷಕಿಯಾಗಲು ಬಿ.ಎ. ಮೇಲೆ ಬಿ.ಎಡ್. ಬೇಕು. ಪಿಯು ಉಪನ್ಯಾಸಕಿಯಾಗಲು ಎಂ.ಎ. ಮತ್ತು ಬಿ.ಎಡ್. ಬೇಕು. ಡಿಗ್ರಿ ಕಾಲೇಜಿನಲ್ಲಿ ಕಲಿಸಬೇಕೆಂದರೆ ನಿಗದಿತ ಅಂಕಗಳೊಂದಿಗೆ ಎಂ.ಎ., ಆಮೇಲೆ ನೆಟ್ ಅಥವಾ ಕೆ-ಸೆಟ್ ಪರೀಕ್ಷೆ. ಪುರಾತತ್ವ, ವಸ್ತುಸಂಗ್ರಹಾಲಯದ ಕೆಲಸಗಳಿಗೂ ಎಂ.ಎ. ಓದಿದವರನ್ನೇ ಹೆಚ್ಚಾಗಿ ಕೇಳುತ್ತಾರೆ. ಅಂದರೆ ಈ ಓದು ಫಲ ಕೊಡುವುದು ಐದನೇ ವರ್ಷದ ನಂತರ. ಅದೂ ಕೆಲಸ ಕೈಯಲ್ಲೇ ಇಟ್ಟು ಕಳಿಸುತ್ತಾರೆ ಅಂತ ನಾನು ಹೇಳುವುದಿಲ್ಲ, ಪೈಪೋಟಿ ಬಹಳ ಇದೆ.

ನಮ್ಮ ಮನೆಗಳಲ್ಲಿ ಏನಾಗತೈತಿ? ಮೂರನೇ ವರ್ಷದ ಪರೀಕ್ಷೆ ಮುಗಿಯುತ್ತಲೇ ಬೀಗರು ಬರ್ತಾರ. "ಡಿಗ್ರಿ ಆತಲ್ಲ, ಇನ್ನೇನು?" ಅಲ್ಲಿಗೆ ಓದು ನಿಂತಿತು. ಬಿ.ಎ. ಮತ್ತು ಎಂ.ಎ. ಎರಡನ್ನೂ ಕೂಡಿಸಿ ಐದು ವರ್ಷಕ್ಕೆ ಒಂದೇ ಪ್ರವೇಶ ಕೊಡುವ ಕೋರ್ಸಿನ ದೊಡ್ಡ ಅನುಕೂಲ ನನ್ನ ಲೆಕ್ಕದಲ್ಲಿ ಇದೇ: ನಡುವೆ ಮತ್ತೆ ಎಂ.ಎ. ಸೀಟಿಗೆ ಓಡಾಡುವುದಿಲ್ಲ, ಮನೆಯಲ್ಲೂ "ಕೋರ್ಸ್ ಇನ್ನೂ ಮುಗಿದಿಲ್ಲ" ಎಂದು ಧೈರ್ಯವಾಗಿ ಹೇಳಬಹುದು.

ಇಂಥ ಕೋರ್ಸು ಇತಿಹಾಸದಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿದೆ. ಅದು ಕೇಂದ್ರ ಸರ್ಕಾರದ್ದು. ಪ್ರವೇಶಕ್ಕೆ ಸಿಯುಇಟಿ ಎಂಬ ಪರೀಕ್ಷೆ ಬರೆಯಬೇಕು, ಅದನ್ನು ಕನ್ನಡದಲ್ಲೂ ಬರೆಯಬಹುದು. ಆದರೆ ಅಲ್ಲಿ ಪಾಠ ಇಂಗ್ಲಿಷಿನಲ್ಲಿ. ಪಿಯುಸಿ ಪರೀಕ್ಷೆಯ ಗಡಿಬಿಡಿಯಲ್ಲೇ ಅರ್ಜಿಯ ದಿನ ದಾಟಿಹೋಗುವುದುಂಟು, ಮೊದಲೇ ವಿಚಾರಿಸಬೇಕು. ನಡುವೆ ಬಿಟ್ಟರೆ ಯಾವ ಪ್ರಮಾಣಪತ್ರ ಸಿಗುತ್ತದೆ ಎಂಬುದನ್ನೂ ಸೇರುವ ಮುಂಚೆ ಕೇಳಿ ತಿಳಿಯಿರಿ.

ಅಷ್ಟು ದೂರ ಕಳಿಸಲು ಆಗದವರಿಗೆ ಧಾರವಾಡ ಇದೆ. ಇಲ್ಲಿ ಬಿ.ಎ. ಮೂರು ವರ್ಷ, ಆಮೇಲೆ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ. ಎರಡು ವರ್ಷ. (2021ರಲ್ಲಿ ಬಂದಿದ್ದ ನಾಲ್ಕು ವರ್ಷದ ಪದ್ಧತಿಯನ್ನು ಬಿಟ್ಟು ರಾಜ್ಯ ಸರ್ಕಾರ 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು.) 1939ರಲ್ಲಿ ಶುರುವಾದ ಕನ್ನಡ ಸಂಶೋಧನಾ ಸಂಸ್ಥೆ, ಅದರ ವಸ್ತುಸಂಗ್ರಹಾಲಯ ಎಲ್ಲ ಅಲ್ಲೇ ಇವೆ. ಮಗಳು ರಾತ್ರಿ ಊಟಕ್ಕೆ ಮನೆಗೇ ಬರ್ತಾಳ. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚೂ ಇಲ್ಲ. ಕೂಡಿಸಿದ ಕೋರ್ಸು ಇಲ್ಲದಿದ್ದರೆ ನೀವೇ ಮನೆಯಲ್ಲಿ ಕೂಡಿಸಿರಿ, ಮೊದಲ ದಿನವೇ ಗಂಡನಿಗೂ ಅತ್ತೆಗೂ "ಇದು ಐದು ವರ್ಷದ್ದು" ಎಂದು ಹೇಳಿಬಿಡಿ.

ಕೊನೆಗೆ ಸಾಲದ ಮಾತು. ಸಂಘದ ಸಾಲಕ್ಕೆ ಮುಂದಿನ ತಿಂಗಳಿಂದಲೇ ಕಂತು. ಎಮ್ಮೆಗೆ, ಹೊಲಿಗೆ ಯಂತ್ರಕ್ಕೆ ಅದು ಸರಿ, ಅವು ಕೂಡಲೇ ದುಡಿಯುತ್ತವೆ. ಓದಿಗೆ ಬ್ಯಾಂಕಿನ ಶಿಕ್ಷಣ ಸಾಲ ಕೇಳಿರಿ. ನಾಲ್ಕು ಲಕ್ಷ ರೂಪಾಯಿಯವರೆಗೆ ಸಾಮಾನ್ಯವಾಗಿ ಆಸ್ತಿ ಅಡವು ಕೇಳುವುದಿಲ್ಲ, ತಂದೆ ಅಥವಾ ತಾಯಿ ಜೊತೆಗೆ ಸಹಿ ಮಾಡಬೇಕು. ಕಂತು ಶುರುವಾಗುವುದು ಓದು ಮುಗಿದು ಒಂದು ವರ್ಷದ ಮೇಲೆ. ಬಡ್ಡಿ ಮಾತ್ರ ಮೊದಲಿನಿಂದಲೇ ಏರುತ್ತಿರುತ್ತದೆ, ಅದಕ್ಕೇ ಬೇಕಾದಷ್ಟೇ ತೆಗೆದುಕೊಳ್ಳಿ.

ಪಿಯುಸಿ ಓದುವ ಮಗಳಿದ್ದವರು ಮುಂದಿನ ಸಭೆಗೆ ಆಕೆಯನ್ನೂ ಕರಕೊಂಡು ಬರ್ರಿ. ಅಂಕಪಟ್ಟಿ, ಆಧಾರ್ ಕಾರ್ಡ್, ಜಾತಿ-ಆದಾಯ ಪ್ರಮಾಣಪತ್ರ ಕೈಯಲ್ಲಿರಲಿ. ಅರ್ಜಿ ತುಂಬೋಣು.